ಕನ್ನಡ ಬಲ್ಲವರೆಲ್ಲ ಕನ್ನಡ ಮೇಷ್ಟ್ರಲ್ಲ

(ಸಂಘದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ದಿನ ಎರಡು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ನಾನು ರಕ್ತದೊತ್ತಡದ ಮೇಲೋ ಸಕ್ಕರೆ ಕಾಯಿಲೆಯ ಮೇಲೋ ಮಾತಾಡುತ್ತೇನೆಂದು ಅವರು ನಂಬಿದ್ದರು. ವೈದ್ಯರನ್ನು ವೇದಿಕೆಗೆ ಕರೆಯುವುದೇ ಅದಕ್ಕೆ. ಆದರೆ ಊಟಕ್ಕೆ ಮುಂಚೆ ಸಕ್ಕರೆ ಕಾಯಿಲೆಯ ಮಾತೆತ್ತಿ, ಒಳಗೆ ಹೋಳಿಗೆ ತಟ್ಟುತ್ತಿರುವವರ ಶಾಪ ಕಟ್ಟಿಕೊಳ್ಳುವ ಧೈರ್ಯ ನನಗಿಲ್ಲ. ಇಂದು ನಾನು ಆರಿಸಿಕೊಂಡಿರುವುದು ನನ್ನದಲ್ಲದ ವೃತ್ತಿಯ ವಿಷಯ. ಹೈಸ್ಕೂಲು ಮಕ್ಕಳಿಗೆ ಭಾಷೆ ಕಲಿಸುವ ಉಪಾಧ್ಯಾಯರು ಹೇಗೆ ತಯಾರಾಗುತ್ತಾರೆ, ನಮ್ಮ ಸಂಘದ ಕನ್ನಡ ತರಗತಿಗೂ ಆ ತಯಾರಿಗೂ ಏನು ಸಂಬಂಧ ಎಂಬುದು. ಇದರಲ್ಲಿ ನನಗೆ ಯಾವ ಪದವಿಯೂ ಇಲ್ಲ. ಒಂದು ಸೋಲು ಮಾತ್ರ ಇದೆ. ಅದರಿಂದಲೇ ಶುರುಮಾಡುತ್ತೇನೆ.

ಶುಕ್ರವಾರ ಸಂಜೆ ರೂವಿಯ ಒಂದು ಮನೆಯ ಹಾಲಿನಲ್ಲಿ ನಡೆಯುವ ನಮ್ಮ ತರಗತಿ ನಿಮಗೆಲ್ಲ ಗೊತ್ತು. ಚಿಕ್ಕ ಮಕ್ಕಳದು ಒಂದು ಗುಂಪು, ಏಳರಿಂದ ಹತ್ತನೆಯ ತರಗತಿಯವರದು ಇನ್ನೊಂದು. ದೊಡ್ಡ ಮಕ್ಕಳಿಗೆ ಕಲಿಸುತ್ತಿದ್ದ ಮೇಡಂ, ಯಜಮಾನರ ಕೆಲಸದ ಅವಧಿ ಮುಗಿದದ್ದರಿಂದ ಊರಿಗೆ ಹೊರಟುಹೋದರು. "ಡಾಕ್ಟ್ರೇ, ನಿಮ್ಮ ಕನ್ನಡ ಅಷ್ಟು ಶುದ್ಧವಾಗಿದೆ, ನೀವೇ ತಗೊಳ್ಳಿ" ಎಂದು ಸಮಿತಿಯವರು ಹೇಳಿದರು. ಹೊಗಳಿಕೆಗೆ ಮರುಳಾಗದವರುಂಟೆ? ಒಪ್ಪಿಕೊಂಡೆ. ಮೊದಲ ವಾರ ಹದಿನಾಲ್ಕು ಮಕ್ಕಳು ಬಂದಿದ್ದರು. ವರ್ಣಮಾಲೆಯನ್ನು ಪೂರ್ತಿ ಬರೆದು ಅಲ್ಪಪ್ರಾಣ ಮಹಾಪ್ರಾಣ ಎಂದು ವಿವರಿಸಿದೆ. ಎರಡನೆಯ ವಾರ ಲೋಪ, ಆಗಮ, ಆದೇಶ ಸಂಧಿಗಳಾದವು. ಮೂರನೆಯ ವಾರ ಒಂದು ಪದ್ಯಕ್ಕೆ ಪದಶಃ ಅರ್ಥ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಕಣ್ಣು ಒದ್ದೆಯಾಯಿತು, ಮಕ್ಕಳು ಗಡಿಯಾರ ನೋಡುತ್ತಿದ್ದರು. ಏಳನೆಯ ವಾರಕ್ಕೆ ಉಳಿದವರು ಐದು ಮಂದಿ. ಅವರಲ್ಲಿ ಒಬ್ಬಳು ನನ್ನ ಮಗಳು, ಅವಳಿಗೆ ಬೇರೆ ದಾರಿಯಿರಲಿಲ್ಲ. ಇನ್ನಿಬ್ಬರ ತಂದೆತಾಯಿಯರು ನನ್ನ ಹತ್ತಿರ ಔಷಧಿಗೆ ಬರುವವರು, ದಾಕ್ಷಿಣ್ಯಕ್ಕೆ ಕಳಿಸುತ್ತಿದ್ದರು.

ಅಂದು ಮನೆಗೆ ಹೋಗುವಾಗ ಕಾರಿನಲ್ಲಿ ಮಗಳು, ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ, ಸಿಟ್ಟೂ ಇಲ್ಲದೆ ಹೇಳಿದ ಮಾತು ಇದು: "ಅಮ್ಮಾ, ನೀನು ಪಾಠ ಮಾಡ್ತಿಲ್ಲ. ನಿಂಗೆ ಕನ್ನಡ ಬರುತ್ತೆ ಅಂತ ನಮ್ಗೆ ತೋರಿಸ್ತಿದ್ದೀಯ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಊರಿಗೆ, ನನ್ನ ಅಕ್ಕನಿಗೆ ಫೋನು ಮಾಡಿದೆ.

ಅಕ್ಕನ ವಿಷಯ ಸ್ವಲ್ಪ ಹೇಳಬೇಕು. ನನಗಿಂತ ಎರಡು ವರ್ಷ ದೊಡ್ಡವಳು. ಮೈಸೂರಿನ ಸರಸ್ವತೀಪುರದ ನಮ್ಮ ಮನೆಯಲ್ಲಿ 1999ರಲ್ಲಿ ನಾನು ಎಂ.ಬಿ.ಬಿ.ಎಸ್. ಎರಡನೆಯ ವರ್ಷ ಓದುತ್ತಿದ್ದಾಗ ಅವಳು ಬಿ.ಎ. ಮುಗಿಸಿ ಬಿ.ಎಡ್. ಸೇರಿದಳು. ಆಗ ಅದು ಒಂದು ವರ್ಷದ ಕೋರ್ಸು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳ ಮೇಲೆ ಮಾರನೆಯ ವರ್ಷದಿಂದ ಅದು ಎರಡು ವರ್ಷವಾಯಿತು. ಬಿ.ಎಡ್.ನಲ್ಲಿ ಎರಡು ವಿಷಯಗಳ ಬೋಧನಾ ಪದ್ಧತಿಯನ್ನು ಆರಿಸಿಕೊಳ್ಳಬೇಕು. ಅವಳದು ಕನ್ನಡ ಮತ್ತು ಇಂಗ್ಲಿಷ್. ಊಟದ ಮೇಜಿನ ಒಂದು ಕಡೆ ನನ್ನ ದಪ್ಪ ದಪ್ಪ ಅಂಗರಚನಾಶಾಸ್ತ್ರದ ಪುಸ್ತಕಗಳು, ಇನ್ನೊಂದು ಕಡೆ ಅವಳ ಥರ್ಮೋಕೋಲು, ಬಣ್ಣದ ಕಾಗದ, ಗೋಂದು. ರಾತ್ರಿ ಹನ್ನೊಂದರವರೆಗೂ ಉದ್ದುದ್ದ ಗೆರೆ ಎಳೆದು ಪಾಠ ಯೋಜನೆ ಬರೆಯುತ್ತಿದ್ದಳು. ಉದ್ದೇಶಗಳಿಗೊಂದು ಕಲಮು, ವಿಷಯಾಂಶಕ್ಕೊಂದು, ಉಪಾಧ್ಯಾಯರು ಮಾಡುವುದಕ್ಕೊಂದು, ವಿದ್ಯಾರ್ಥಿಗಳು ಮಾಡುವುದಕ್ಕೊಂದು, ಕಪ್ಪುಹಲಗೆಯ ಕೆಲಸಕ್ಕೆ, ಮೌಲ್ಯಮಾಪನಕ್ಕೆ ಮತ್ತೆರಡು. ನಲವತ್ತು ನಿಮಿಷದ ಪಾಠಕ್ಕೆ ನಾಲ್ಕು ಪುಟ! "ಪಾಠ ಮಾಡೋದಕ್ಕೂ ಟ್ರೈನಿಂಗು ಬೇಕೇನೇ? ನಮ್ಮ ಮೇಷ್ಟ್ರುಗಳು ಇಷ್ಟೆಲ್ಲಾ ಬರೀತಿದ್ರಾ?" ಎಂದು ನಾನು ನಗುತ್ತಿದ್ದೆ. ಮನೆಗೆ ಬಂದವರೂ ನನ್ನ ಓದನ್ನು ವಿಚಾರಿಸುತ್ತಿದ್ದರೇ ಹೊರತು ಅವಳದನ್ನು ಯಾರೂ ಕೇಳುತ್ತಿರಲಿಲ್ಲ. ಅವಳು ಮಾತಾಡದೆ ಗೆರೆ ಎಳೆಯುತ್ತಿದ್ದಳು. ಆ ನಗೆಯ ಸಾಲ ಇಪ್ಪತ್ತು ಚಿಲ್ಲರೆ ವರ್ಷಗಳ ಮೇಲೆ ಮಸ್ಕತ್ತಿನಲ್ಲಿ ತೀರಿಸಬೇಕಾಗಿ ಬಂತು.

ಫೋನಿನಲ್ಲಿ ನನ್ನ ಗೋಳನ್ನೆಲ್ಲ ಕೇಳಿದ ಮೇಲೆ ಅಕ್ಕ ಅಂದದ್ದು ಒಂದೇ ಮಾತು: "ಪಾಠ ಯೋಜನೆ ಕಳಿಸು, ನೋಡ್ತೀನಿ."

"ಯೋಜನೆ ಗೀಜನೆ ಏನೂ ಇಲ್ಲ ಕಣೇ, ಹಾಗೇ ಹೋಗಿ ಮಾಡ್ತೀನಿ" ಅಂದೆ.

"ನೀನು ಹಾಗೇ ಹೋಗಿ ಆಪರೇಷನ್ ಥಿಯೇಟರಿಗೆ ನುಗ್ತೀಯಾ?"

ನಾನು ಶಸ್ತ್ರವೈದ್ಯೆಯಲ್ಲ, ಸಾಮಾನ್ಯ ಔಷಧಶಾಸ್ತ್ರದವಳು ಎಂದು ತಪ್ಪಿಸಿಕೊಳ್ಳಲು ನೋಡಿದೆ. ಅವಳು ಬಿಡಲಿಲ್ಲ.

ಆಮೇಲೆ ಯೋಚಿಸಿದಾಗ ನನಗೆ ಕಂಡದ್ದು, ಅವಳ ತರಬೇತಿಗೂ ನನ್ನದಕ್ಕೂ ಅಂಥ ದೂರವೇನೂ ಇಲ್ಲವೆಂಬುದು. ರೆಸಿಡೆನ್ಸಿಯ ಮೂರು ವರ್ಷ ನಾವು ಏನು ಮಾಡುತ್ತೇವೆ? ಹಾಸಿಗೆಯ ಪಕ್ಕದಲ್ಲಿ ನಿಂತು ರೋಗಿಯ ಚರಿತ್ರೆ ಕೇಳುತ್ತೇವೆ, ಪರೀಕ್ಷೆ ಮಾಡುತ್ತೇವೆ, ಏನು ಕಾಯಿಲೆ ಇರಬಹುದೆಂದು ಹೇಳುತ್ತೇವೆ. ಪ್ರೊಫೆಸರು ಎಲ್ಲರೆದುರಿಗೆ ನಮ್ಮನ್ನು ಬಿಡಿಸಿ ಬಿಡಿಸಿ ಕೇಳುತ್ತಾರೆ. ಬಿ.ಎಡ್.ನಲ್ಲಿಯೂ ಅದೇ. ಮೊದಲು ಸೂಕ್ಷ್ಮ ಬೋಧನೆ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಪದ್ಧತಿ ಇದು. ಐದಾರು ನಿಮಿಷ, ಒಂದೇ ಒಂದು ಕೌಶಲ: ಪ್ರಶ್ನೆ ಕೇಳುವುದು, ಅಥವಾ ಉದಾಹರಣೆ ಕೊಡುವುದು, ಅಥವಾ ಹಲಗೆಯ ಮೇಲೆ ಬರೆಯುವುದು. ಜೊತೆಯ ವಿದ್ಯಾರ್ಥಿಗಳೇ ಮಕ್ಕಳಾಗಿ ಕೂರುತ್ತಾರೆ. ಮುಗಿದ ಮೇಲೆ ತಪ್ಪು ಹೇಳುತ್ತಾರೆ. ಮತ್ತೆ ಅದೇ ಪಾಠ ಮಾಡಬೇಕು. ಅದಾದ ಮೇಲೆ ನಿಜವಾದ ಶಾಲೆಗೆ ಹೋಗಿ ಬೋಧನಾಭ್ಯಾಸ, ಎರಡೂ ವಿಷಯ ಸೇರಿ ಹತ್ತಾರು ಪಾಠ. ಕಡೆಗೆ ವಿಮರ್ಶಾ ಪಾಠ. ಅಂದು ಹಿಂದಿನ ಬೆಂಚುಗಳಲ್ಲಿ ಗುರುಗಳೂ ಸಹಪಾಠಿಗಳೂ ನೋಟ್‌ಬುಕ್ಕು ಹಿಡಿದು ಕೂರುತ್ತಾರೆ. ಅಕ್ಕ ತನ್ನ ವಿಮರ್ಶಾ ಪಾಠ ಮುಗಿಸಿ ಬಂದ ಸಂಜೆ ಊಟ ಮಾಡಿರಲಿಲ್ಲ. "ನಲವತ್ತು ನಿಮಿಷದಲ್ಲಿ ಕೊನೇ ಬೆಂಚಿನ ಹುಡುಗೀರ ಕಡೆ ಒಂದ್ಸಲಾನೂ ನೋಡಿಲ್ಲ ಅಂದ್ರು" ಎಂದು ಅತ್ತಿದ್ದಳು. ಇದಕ್ಕೆ ಅಳುವುದೇನಿದೆ ಎಂದು ಆಗ ನನಗೆ ಅರ್ಥವಾಗಿರಲಿಲ್ಲ.

ಈಗ ಅಕ್ಕ ನನಗೂ ಅದನ್ನೇ ಮಾಡಿಸಿದಳು. ಆರು ನಿಮಿಷದ ಪಾಠವನ್ನು ಮೊಬೈಲಿನಲ್ಲಿ ಹಿಡಿದು ಕಳಿಸಬೇಕು. ಕಳಿಸಿದೆ. ಮಾರನೆಯ ದಿನ ಉತ್ತರ ಬಂತು: "ಹನ್ನೊಂದು ಪ್ರಶ್ನೆ ಕೇಳಿದ್ದೀಯ. ಒಂಬತ್ತಕ್ಕೆ ನೀನೇ ಉತ್ತರ ಹೇಳಿದ್ದೀಯ. ಉಳಿದ ಎರಡಕ್ಕೆ ನಿನ್ನ ಮಗಳು." ಸರಿಯಾಗಿ ಎಣಿಸಿದ್ದಳು. ಆಸ್ಪತ್ರೆಯಲ್ಲಿ ರೋಗಿ ಬಾಯಿ ತೆರೆಯುವ ಮುಂಚೆಯೇ ಕಾಯಿಲೆ ಹೇಳಿಬಿಡುವ ಡಾಕ್ಟರನ್ನು ಕಂಡರೆ ನನಗಾಗುವುದಿಲ್ಲ. ಇಲ್ಲಿ ನಾನೇ ಆ ಡಾಕ್ಟರಾಗಿದ್ದೆ.

ಆಮೇಲೆ ಅವಳು ಕೇಳಿದ ಪ್ರಶ್ನೆಯೇ ಇಂದಿನ ನನ್ನ ಭಾಷಣದ ಮುಖ್ಯ ವಿಷಯ. "ಆ ಹದಿನಾಲ್ಕು ಮಕ್ಕಳ ಮನೇಲಿ ಯಾವ ಭಾಷೆ ಮಾತಾಡ್ತಾರೆ?"

ನನಗೆ ಸರಿಯಾಗಿ ಗೊತ್ತಿರಲಿಲ್ಲ, ಸ್ವಾಮಿ! ಕನ್ನಡ ಸಂಘ, ಕನ್ನಡ ತರಗತಿ, ಇನ್ಯಾವ ಭಾಷೆ? ವಿಚಾರಿಸಿ ನೋಡಿದರೆ ಐದು ಮಕ್ಕಳ ಮನೆಯಲ್ಲಿ ತುಳು, ಮೂವರದು ಕೊಂಕಣಿ, ಇಬ್ಬರದು ಬ್ಯಾರಿ. ಕನ್ನಡ ಮನೆಮಾತಾಗಿದ್ದವರು ನಾಲ್ವರು. ಅವರಲ್ಲೂ ಇಬ್ಬರು ಅಮ್ಮನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವರು. ನಮ್ಮ ಈ ಸಭೆಯನ್ನೇ ನೋಡಿ. ಮಂಗಳೂರು, ಉಡುಪಿ, ಕುಂದಾಪುರ, ಕಾಸರಗೋಡು ಕಡೆಯವರು ಎಷ್ಟು ಮಂದಿ ಇದ್ದೀರಿ! ನಿಮಗೆ ಕನ್ನಡ ಶಾಲೆಯಲ್ಲಿ ಸಿಕ್ಕಿತು. ಪೇಪರು, ರೇಡಿಯೋ, ಯಕ್ಷಗಾನ, ಬಸ್ಸಿನ ಬೋರ್ಡು, ಎಲ್ಲ ಕಡೆ ಸಿಕ್ಕಿತು. ನಿಮ್ಮ ಮಕ್ಕಳಿಗೆ ಇಲ್ಲಿ ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಬೀದಿಯಲ್ಲಿ ಅರಬ್ಬಿ, ಮನೆಯಲ್ಲಿ ತುಳು. ಕನ್ನಡ ಎಂಬುದು ಶುಕ್ರವಾರ ಸಂಜೆ ಒಂದೂವರೆ ಗಂಟೆ ಮಾತ್ರ ಬಂದು ಹೋಗುವ ನೆಂಟ. ಅದನ್ನು ತಿಳಿಯದೆ ನಾನು ಸಂಧಿ ಹೇಳಿಕೊಡಲು ಹೋಗಿದ್ದೆ. ರೋಗಿಯ ಚರಿತ್ರೆ ಕೇಳದೆ ಔಷಧಿ ಬರೆದಂತೆ.

ಅಕ್ಕ ಹೇಳಿದಳು: "ನಿನ್ನ ಮಕ್ಕಳಿಗೆ ಕನ್ನಡಾನ ಕನ್ನಡದ ಹಾಗೆ ಕಲಿಸಬೇಡ. ನಾನು ನಮ್ಮ ಹಳ್ಳಿ ಮಕ್ಕಳಿಗೆ ಇಂಗ್ಲಿಷ್ ಕಲಿಸ್ತೀನಲ್ಲ, ಹಾಗೆ ಕಲಿಸು."

ಎರಡು ಭಾಷೆಯ ಉಪಾಧ್ಯಾಯರಿಗೆ ಮಾತ್ರ ಹೊಳೆಯಬಹುದಾದ ಮಾತು ಇದು. ಅವಳು ಹುಣಸೂರು ತಾಲ್ಲೂಕಿನ ಹೈಸ್ಕೂಲಿನಲ್ಲಿ ಬೆಳಿಗ್ಗೆ ಎಂಟನೆಯ ತರಗತಿಗೆ ಕನ್ನಡ ಪದ್ಯ ಹೇಳುವಾಗ, ಮಕ್ಕಳು ಆ ಭಾಷೆಯನ್ನು ಹೊಟ್ಟೆಯಲ್ಲಿ ತುಂಬಿಕೊಂಡೇ ಬಂದಿರುತ್ತಾರೆ. ಅಲ್ಲಿ ವ್ಯಾಕರಣ ಎಂದರೆ ಈಗಾಗಲೇ ಬಲ್ಲದ್ದಕ್ಕೆ ಹೆಸರು ಕೊಡುವುದು. ಅದೇ ಮಕ್ಕಳಿಗೆ ಮಧ್ಯಾಹ್ನ ಇಂಗ್ಲಿಷ್ ಹೇಳುವಾಗ ಏನೂ ತುಂಬಿಲ್ಲ. ಮೊದಲು ಕೇಳಿಸಬೇಕು, ಆಮೇಲೆ ಹೇಳಿಸಬೇಕು, ಓದು ಬರಹ ಅದರ ಹಿಂದೆ. ಒಂದೇ ದಿನ ಒಂದೇ ಕೋಣೆಯಲ್ಲಿ ಒಬ್ಬರೇ ಉಪಾಧ್ಯಾಯರು ಎರಡು ಬೇರೆ ಕಸುಬು ಮಾಡಬೇಕು. ಇದಕ್ಕೆಂದೇ ಅವಳು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ಮೂವತ್ತು ದಿನದ ತರಬೇತಿಗೂ ಹೋಗಿ ಬಂದಿದ್ದಳು. 1963ರಲ್ಲಿ ಶುರುವಾದ ಆ ಸಂಸ್ಥೆ ಜ್ಞಾನಭಾರತಿಯಲ್ಲಿದೆ. ದಕ್ಷಿಣದ ರಾಜ್ಯಗಳ ಶಾಲಾ ಉಪಾಧ್ಯಾಯರು ಅಲ್ಲಿಗೆ ಬಂದು ಇಂಗ್ಲಿಷ್ ಕಲಿಸುವ ಬಗೆ ಕಲಿಯುತ್ತಾರೆ. ಇಂಗ್ಲಿಷ್ ಕಲಿಸುವುದಕ್ಕೆ ಇಷ್ಟೆಲ್ಲ ವ್ಯವಸ್ಥೆ ಬೇಕೆಂದು ನಾವು ಒಪ್ಪುತ್ತೇವೆ. ಕನ್ನಡಕ್ಕೆ ಮಾತ್ರ ತಾಯಿಯ ಹಾಲೇ ಸಾಕು ಎನ್ನುತ್ತೇವೆ.

ನನಗೆ ಅರಬ್ಬಿ ಬಂದದ್ದೂ ಹೀಗೇ ಎಂಬುದು ಆಗ ನೆನಪಾಯಿತು. ಇಲ್ಲಿಗೆ ಬಂದ ಹೊಸದರಲ್ಲಿ ಒಬ್ಬ ಒಮಾನಿ ನರ್ಸು ನನಗೆ ನಲವತ್ತು ವಾಕ್ಯ ಬಾಯಿಪಾಠ ಮಾಡಿಸಿದರು. "ವೈನ್ ಅಲ್ ಅಲಮ್?" ನೋವು ಎಲ್ಲಿ? "ಮಿನ್ ಮತಾ?" ಯಾವಾಗಿನಿಂದ? ಕಲಿತ ವಾಕ್ಯ ಹತ್ತು ನಿಮಿಷದೊಳಗೆ ಬಳಕೆಗೆ ಬರುತ್ತಿತ್ತು, ಆದ್ದರಿಂದ ಉಳಿಯಿತು. ಅರಬ್ಬಿ ವ್ಯಾಕರಣದಿಂದ ಶುರುಮಾಡಿದ್ದರೆ ಇವತ್ತಿಗೂ ದುಭಾಷಿಯ ಬೆನ್ನ ಹಿಂದೆಯೇ ಇರುತ್ತಿದ್ದೆ.

ಕನ್ನಡವನ್ನು ಪರಭಾಷೆಯಾಗಿ ಕಲಿಸುವ ಪದ್ಧತಿ ನಾವು ಹೊಸದಾಗಿ ಕಂಡುಹಿಡಿಯಬೇಕಾದದ್ದಲ್ಲ. ಅದು ನಮ್ಮ ಮನೆಯ ಮಾಳಿಗೆಯ ಮೇಲೆಯೇ ಇತ್ತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭಾರತೀಯ ಭಾಷಾ ಸಂಸ್ಥಾನ ಇದೆ. ಕೇಂದ್ರ ಸರ್ಕಾರ 1969ರಲ್ಲಿ ಸ್ಥಾಪಿಸಿದ್ದು, ಡಾ. ಡಿ.ಪಿ. ಪಟ್ಟನಾಯಕರು ಮೊದಲ ನಿರ್ದೇಶಕರು. 1968ರ ಶಿಕ್ಷಣ ನೀತಿಯ ತ್ರಿಭಾಷಾ ಸೂತ್ರದ ಪ್ರಕಾರ ಉತ್ತರದ ಮಕ್ಕಳು ಒಂದು ದಕ್ಷಿಣದ ಭಾಷೆ ಕಲಿಯಬೇಕಲ್ಲ, ಅದನ್ನು ಕಲಿಸುವವರು ಯಾರು? ಅದಕ್ಕಾಗಿ ಸಂಸ್ಥಾನದಡಿ ಪ್ರಾದೇಶಿಕ ಭಾಷಾ ಕೇಂದ್ರಗಳು ಬಂದವು. ಮೈಸೂರಿನ ದಕ್ಷಿಣ ಕೇಂದ್ರದಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳಂ. ಬೇರೆ ರಾಜ್ಯಗಳ ಶಾಲಾ ಉಪಾಧ್ಯಾಯರು ಹತ್ತು ತಿಂಗಳು ಇಲ್ಲಿ ಬಂದಿದ್ದು, ಅಕ್ಷರವೂ ಬಾರದ ಸ್ಥಿತಿಯಿಂದ ಹೊರಟು, ಆ ಭಾಷೆಯನ್ನು ತಮ್ಮ ಶಾಲೆಯಲ್ಲಿ ಕಲಿಸುವಷ್ಟು ಕಲಿತು ಹೋಗಬೇಕು. ಹಿಂದಿ ರಾಜ್ಯಗಳು ದಕ್ಷಿಣದ ಭಾಷೆಯ ಜಾಗದಲ್ಲಿ ಬಹುಮಟ್ಟಿಗೆ ಸಂಸ್ಕೃತವನ್ನೇ ಇಟ್ಟುಕೊಂಡವು, ಆ ಕಥೆ ಬೇರೆ. ಆದರೆ ಆ ಹತ್ತು ತಿಂಗಳ ಕಲಿಕೆ ಮಾತ್ರ ನಿಜವಾದದ್ದು.

ಪಂಜಾಬಿನ ಕಡೆಯ ಅಂಥ ಒಬ್ಬ ಮೇಷ್ಟ್ರು ನಮ್ಮ ಮಾಳಿಗೆಯ ಕೋಣೆಗೆ ಬಾಡಿಗೆಗೆ ಬಂದಿದ್ದರು. ಎತ್ತರದ ಆಳು, ದೊಡ್ಡ ಪೇಟ. ಬಂದ ಹದಿನೈದು ದಿನಕ್ಕೆ ಲೋಟ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮಾ, ಸ್ವಲ್ಪ ಮೋಸರು ಕೋಡಿ" ಅಂದರು. ನಮ್ಮಮ್ಮ ನಕ್ಕು, "ಕೊಡ್ತೀನಪ್ಪಾ, ಕೋಡಿ ಹರಿಯೋ ಅಷ್ಟು ಮೊಸರಿಲ್ಲ" ಎಂದರು. ಪಂಜಾಬಿಯಲ್ಲಾಗಲಿ ಹಿಂದಿಯಲ್ಲಾಗಲಿ ಬರೆಯುವಾಗ ಹ್ರಸ್ವ ಎ, ಹ್ರಸ್ವ ಒ ಇಲ್ಲ, ಎಲ್ಲ ದೀರ್ಘವೇ. ಅದಕ್ಕಾಗಿ ಸಂಸ್ಥಾನದಲ್ಲಿ ಅವರಿಗೆ ಜೋಡಿ ಜೋಡಿ ಪದ ಕೊಟ್ಟು ಕೇಳಿಸಿ, ಹೇಳಿಸಿ, ಟೇಪಿನಲ್ಲಿ ಹಿಡಿದು ಮತ್ತೆ ಕೇಳಿಸುತ್ತಿದ್ದರು. ಸಂಜೆ ಮಾಳಿಗೆಯ ಮೇಲೆ ಅವರು ಅಡ್ಡಾಡುತ್ತಾ "ಕೊಡು, ಕೋಡು. ಬೆಳೆ, ಬೇಳೆ. ಕೆರೆ, ಕೇರೆ" ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದದ್ದು ಬೀದಿಗೇ ಕೇಳುತ್ತಿತ್ತು. ಹತ್ತು ತಿಂಗಳ ಕೊನೆಗೆ ಅವರು ಅಮ್ಮನ ಜೊತೆ ಬೇಳೆಯ ಬೆಲೆ ಚರ್ಚಿಸುತ್ತಿದ್ದರು. ಊರಿಗೆ ಹೋದ ಮೇಲೂ ಐದಾರು ವರ್ಷ ಯುಗಾದಿಗೆ ಕನ್ನಡದಲ್ಲೇ ಕಾರ್ಡು ಬರುತ್ತಿತ್ತು.

ಇದನ್ನು ಏಕೆ ಹೇಳಿದೆನೆಂದರೆ, ನನ್ನ ತರಗತಿಯ ಒಬ್ಬ ಹುಡುಗ ನಾಲ್ಕನೆಯ ವಾರ ಹಲಗೆಯ ಮೇಲೆ "ಹಸುವಿಗೆ ಎರಡು ಕೊಡು ಇವೆ" ಎಂದು ಬರೆದಿದ್ದ. ನಾನು ನಕ್ಕೆ. "ಯಾರಿಗೆ ಕೊಡೋದಪ್ಪಾ?" ಅಂದೆ. ಎಲ್ಲರೂ ನಕ್ಕರು. ಅವನು ಮುಂದಿನ ವಾರ ಬರಲಿಲ್ಲ. ಮೇಷ್ಟ್ರ ಮೊಸರಿನ ಕಥೆಯನ್ನು ಅಕ್ಕ ಜ್ಞಾಪಿಸಿದಾಗ ನನಗೆ ಒದ್ದಂತಾಯಿತು. ಆ ಹುಡುಗ ಮೊದಲು ಓದಲು ಕಲಿತದ್ದು ಹಿಂದಿ. ಅಲ್ಲಿ ಒಂದೇ ಓಕಾರ. ಕನ್ನಡದಲ್ಲಿ ಎರಡಿವೆ ಎಂದು ಅವನಿಗೆ ಯಾರೂ ಕಿವಿಗೆ ಬೀಳುವಂತೆ ಹೇಳಿರಲಿಲ್ಲ. ಒತ್ತಕ್ಷರದಲ್ಲೂ ಹಾಗೆಯೇ: ಹಿಂದಿಯಲ್ಲಿ ಅರ್ಧಾಕ್ಷರ ಮೊದಲು, ಪೂರ್ತಿ ಅಕ್ಷರ ಆಮೇಲೆ; ನಮ್ಮಲ್ಲಿ ಪೂರ್ತಿ ಅಕ್ಷರ ಮೇಲೆ, ಒತ್ತು ಕೆಳಗೆ. 'ಸೂರ್ಯ' ಎಂಬಲ್ಲಿ ಹಿಂದಿಯ ರಕಾರ ತಲೆಯ ಮೇಲೆ ಕೂತರೆ ನಮ್ಮ ಅರ್ಕಾವತ್ತು ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಮಗು ತಪ್ಪುವುದು ಉದಾಸೀನದಿಂದಲ್ಲ, ತಾನು ಬಲ್ಲ ನಿಯಮವನ್ನು ಪಾಲಿಸಿ ತಪ್ಪುತ್ತದೆ. ತರಬೇತಾದವರಿಗೆ ಇದು ಲಕ್ಷಣ, ನೋಡಿದ ಕೂಡಲೇ ಮೂಲ ಗೊತ್ತಾಗುತ್ತದೆ. ನನಗೆ ಅದು ಬರೀ ಹಾಸ್ಯವಾಗಿ ಕಂಡಿತು.

ಬೇರೆ ದೇಶದವರೂ ಇದೇ ಕಷ್ಟದಲ್ಲಿದ್ದಾರೆ. ನಮ್ಮ ಆಸ್ಪತ್ರೆಯಲ್ಲಿ ಕೆಲಕಾಲ ಇದ್ದ ಐರ್ಲೆಂಡಿನ ಒಬ್ಬ ಸಹೋದ್ಯೋಗಿ, ಊಟದ ಹೊತ್ತಿನಲ್ಲಿ ನನ್ನ ಗೋಳು ಕೇಳಿ ನಕ್ಕರು. ಅವರ ತಂಗಿ ಅಲ್ಲಿ ಹೈಸ್ಕೂಲಿನಲ್ಲಿ ಫ್ರೆಂಚ್ ಮತ್ತು ಐರಿಷ್ ಭಾಷೆಗಳ ಟೀಚರು. 1937ರ ಸಂವಿಧಾನದ ಪ್ರಕಾರ ಐರಿಷ್ ಆ ದೇಶದ ಮೊದಲ ಅಧಿಕೃತ ಭಾಷೆ. ಮಕ್ಕಳೆಲ್ಲ ಶಾಲೆಯಲ್ಲಿ ಓದುತ್ತಾರೆ. ಮನೆಯಲ್ಲಿ ದಿನವೂ ಆಡುವವರು ಬಹಳ ಕಡಿಮೆ. ಅಲ್ಲಿ ಹೈಸ್ಕೂಲು ಉಪಾಧ್ಯಾಯರಾಗಲು ಪದವಿಯ ಮೇಲೆ ಎರಡು ವರ್ಷದ ತರಬೇತಿ. ಐರಿಷ್ ಕಲಿಸುವವರು ಅದು ಸಾಲದೆಂದು ಪಶ್ಚಿಮ ಕರಾವಳಿಯ ಗೇಲ್‌ಟಾಕ್ಟ್ ಎಂಬ ಪ್ರದೇಶಗಳಿಗೆ ಹೋಗಿ, ಇನ್ನೂ ಐರಿಷ್ ಮಾತಾಡುವ ಮನೆಗಳಲ್ಲಿ ಇದ್ದು ಬರಬೇಕು. ಫ್ರೆಂಚ್ ಕಲಿಸುವವರು ಫ್ರಾನ್ಸಿಗೆ ಹೋಗುವಂತೆ, ತಮ್ಮದೇ ಭಾಷೆಗೆ ತಮ್ಮದೇ ದೇಶದೊಳಗೆ ಪ್ರಯಾಣ. "ನಮ್ಮಲ್ಲಿ ಫ್ರೆಂಚ್ ಪಾಠ ಸುಲಭ, ಅದು ಬರದಿದ್ದರೆ ಯಾರಿಗೂ ಅವಮಾನವಿಲ್ಲ. ಐರಿಷ್ ಬರದಿದ್ದರೆ ಮಕ್ಕಳಿಗೆ ಏನೋ ಅಪರಾಧ ಮಾಡಿದ ಹಾಗೆ" ಎಂದು ತಂಗಿ ಹೇಳುತ್ತಾಳಂತೆ. ನಮ್ಮ ಮಕ್ಕಳ ಮುಖದಲ್ಲೂ ನಾನು ಅದನ್ನು ಕಂಡಿದ್ದೇನೆ. "ಕನ್ನಡದವರಾಗಿ ಕನ್ನಡ ಬರೋಲ್ವಾ?" ಎಂದು ನಾವು ದೊಡ್ಡವರು ಎಷ್ಟು ಸಲೀಸಾಗಿ ಕೇಳಿಬಿಡುತ್ತೇವೆ!

ನನ್ನದು ಭಾಷೆ ಬಂದು ಕಲಿಸುವುದು ಬಾರದ ಕಥೆ. ಇದಕ್ಕೆ ತಿರುಗುಮುರುಗಾದ ಕಥೆ ನಮ್ಮಲ್ಲಿರುವ ಕಾಸರಗೋಡಿನವರಿಗೆ ಚೆನ್ನಾಗಿ ಗೊತ್ತು. 1956ರಲ್ಲಿ ಆ ಸೀಮೆ ಕೇರಳಕ್ಕೆ ಸೇರಿದ ಮೇಲೂ ಅಲ್ಲಿ ಕನ್ನಡ 'ಮಾಧ್ಯಮ'ದ ಶಾಲೆಗಳು ಉಳಿದವು. ಕಯ್ಯಾರ ಕಿಞ್ಞಣ್ಣ ರೈಗಳಂಥವರು ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ದಶಕಗಳ ಕಾಲ ಉಪಾಧ್ಯಾಯರಾಗಿದ್ದ ನೆಲ ಅದು. ಅಲ್ಲಿನ ಕನ್ನಡ ಶಾಲೆಗಳಿಗೆ, ಪದವಿ ತರಬೇತಿ ಎಲ್ಲ ಇದ್ದೂ ಕನ್ನಡ ಬಾರದ ಉಪಾಧ್ಯಾಯರು ನೇಮಕವಾಗಿ ಬಂದದ್ದೂ, ಗಣಿತವೋ ವಿಜ್ಞಾನವೋ ಅರ್ಥವಾಗದೆ ಮಕ್ಕಳೂ ತಾಯ್ತಂದೆಯರೂ ಗೇಟಿನ ಮುಂದೆ ಕೂತದ್ದೂ ಪತ್ರಿಕೆಗಳಲ್ಲಿ ಬಂದಿದೆ. 2018ರಲ್ಲಿ ಕಾಸರಗೋಡಿನ ಸರ್ಕಾರಿ ಶಾಲೆಯ ಮೇಲೆ ಬಂದ ರಿಷಬ್ ಶೆಟ್ಟಿಯವರ ಚಿತ್ರವನ್ನು ನೀವೆಲ್ಲ ನೋಡಿದ್ದೀರಿ. ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಆ ಉಪಾಧ್ಯಾಯರನ್ನು ನಾನು ದೂರುವುದಿಲ್ಲ, ಅವರೂ ಹೊಟ್ಟೆಪಾಡಿಗೆ ಬಂದವರು. ಆದರೆ ಅದನ್ನು ಅನ್ಯಾಯವೆಂದು ನಾವು ಕೂಗುವಾಗ, ಭಾಷೆ ಮಾತ್ರ ಬಲ್ಲ ನನ್ನಂಥವಳನ್ನು ಮಕ್ಕಳ ಮುಂದೆ ನಿಲ್ಲಿಸಿದ್ದನ್ನು ಸೇವೆ ಎನ್ನುತ್ತೇವಲ್ಲ, ಆ ಹದಿನಾಲ್ಕು ಮಕ್ಕಳಿಗೆ ಎರಡರಲ್ಲಿ ಏನು ವ್ಯತ್ಯಾಸ?

ನಾನು ತರಗತಿಯನ್ನು ಬಿಡಲಿಲ್ಲ. ಅಕ್ಕ ಬಿಡಗೊಡಲಿಲ್ಲ ಎನ್ನಿ. ಪಾಠ ಮುಗಿದಾಗ ಮಗು ಏನು ಮಾಡಬಲ್ಲದು ಎಂಬುದನ್ನು ಮೊದಲು ಬರೆಯಬೇಕು, ಉಳಿದದ್ದು ಆಮೇಲೆ. "ಅಜ್ಜಿಯ ಹತ್ತಿರ ಫೋನಿನಲ್ಲಿ ಮೂರು ನಿಮಿಷ ಮಾತಾಡಬಲ್ಲದು" ಎಂದು ಬರೆದು ಕಳಿಸಿದೆ. "ಅವರ ಅಜ್ಜಿ ಕನ್ನಡ ಮಾತಾಡ್ತಾರೇನೇ?" ಎಂದು ವಾಪಸು ಬಂತು! ಹೌದಲ್ಲ, ಐದು ಅಜ್ಜಿಯರು ತುಳುವಿನವರು. ಹಾಗಾಗಿ ಒಬ್ಬೊಬ್ಬ ಮಗುವನ್ನೂ ಕೇಳಿದೆ, ನಿನಗೆ ಕನ್ನಡ ಯಾತಕ್ಕೆ ಬೇಕು ಎಂದು. ಒಬ್ಬನಿಗೆ ಊರಿನ ಯಕ್ಷಗಾನದಲ್ಲಿ ಹಾಸ್ಯಗಾರ ಹೇಳಿದ್ದಕ್ಕೆ ಎಲ್ಲರೂ ನಗುವಾಗ ತಾನೂ ನಗಬೇಕು. ಒಬ್ಬಳಿಗೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬೋರ್ಡು ಓದಿ ಒಬ್ಬಳೇ ಬಸ್ಸು ಹತ್ತಬೇಕು. ಬೆಂಗಳೂರಿನ ಅತ್ತೆಯ ಮಕ್ಕಳು ತನ್ನೆದುರಿಗೆ ಗುಟ್ಟು ಮಾತಾಡುವುದು ತಿಳಿಯಬೇಕು ಎಂದಳು ಇನ್ನೊಬ್ಬಳು. ಭಾಷಾಭಿಮಾನಕ್ಕಾಗಿ ಎಂದು ಒಬ್ಬರೂ ಹೇಳಲಿಲ್ಲ. ಹಾಸ್ಯಗಾರನ ಮಾತು, ಬಸ್ಸಿನ ಬೋರ್ಡು, ಗುಟ್ಟು: ಇವೇ ಈಗ ನಮ್ಮ ಪಠ್ಯ. ಒಂಬತ್ತು ಮಕ್ಕಳು ಬರುತ್ತಿದ್ದಾರೆ. 'ಎರಡು ಕೊಡು' ಬರೆದ ಹುಡುಗನ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿ ಬಂದೆ. ಅವನು ಬಂದಿಲ್ಲ. ಈಗ ಹತ್ತನೆಯ ತರಗತಿ, ಶುಕ್ರವಾರ ಟ್ಯೂಷನ್ ಇದೆಯಂತೆ.

ಇನ್ನು ಸಮಿತಿಯವರಿಗೆ ಒಂದು ಕೋರಿಕೆ. ಈ ಸಭೆಯಲ್ಲಿ ಬಿ.ಎಡ್. ಅಥವಾ ಟಿ.ಸಿ.ಎಚ್. ಮುಗಿಸಿದವರು ಎಷ್ಟು ಮಂದಿ ಇದ್ದೀರಿ? ದಯವಿಟ್ಟು ಕೈ ಎತ್ತಿ. (ಏಳು ಮಂದಿ ಕೈ ಎತ್ತಿದರು.) ನೋಡಿ! ಏಳು ಮಂದಿ ತರಬೇತಾದವರನ್ನು ಮನೆಯಲ್ಲಿ ಕೂರಿಸಿ, ಅಡಿಗೆ ಸಮಿತಿಗೆ ಹಾಕಿ, ಡಾಕ್ಟರ ಕೈಗೆ ಸೀಮೆಸುಣ್ಣ ಕೊಟ್ಟಿದ್ದೀರಿ. ನಿಮ್ಮಲ್ಲಿ ಬಹಳ ಮಂದಿ ಮದುವೆಯಾಗಿ ಯಜಮಾನರ ವೀಸಾದ ಮೇಲೆ ಬಂದಾಗ ಪದವಿಪತ್ರವನ್ನು ಸೂಟ್‌ಕೇಸಿನ ತಳದಲ್ಲಿ ಇಟ್ಟವರು. ಸಂಘಕ್ಕೆ ನಿಮ್ಮ ಸೀರೆ, ನಿಮ್ಮ ಕೋಸಂಬರಿ ಗೊತ್ತು, ನಿಮ್ಮ ಕಸುಬು ಗೊತ್ತಿಲ್ಲ. ಇಲ್ಲಿ ಶಾಲೆಗೆ ರಜೆ ಬಂದು ನಾವು ಊರಿಗೆ ಹೋಗುವ ಜೂನ್ ಜುಲೈ ಹೊತ್ತಿಗೆ ಕರ್ನಾಟಕದ ಶಾಲೆಗಳು ನಡೆಯುತ್ತಿರುತ್ತವೆ. ನಿಮ್ಮಲ್ಲಿ ಇಬ್ಬರು ಹತ್ತು ದಿನ ನನ್ನ ಅಕ್ಕನಂಥವರ ತರಗತಿಯಲ್ಲಿ, ಅದೂ ಅವರ ಇಂಗ್ಲಿಷ್ ತರಗತಿಯಲ್ಲಿ, ಹಿಂದೆ ಕೂತು ಬರುವುದಾದರೆ ಆ ಖರ್ಚನ್ನು ಸಂಘ ಹೊರಬೇಕು. ರಾಜ್ಯೋತ್ಸವಕ್ಕೆ ಊರಿನಿಂದ ಕರೆಸುವ ಕಲಾವಿದರಲ್ಲಿ ಒಬ್ಬರ ಟಿಕೀಟಿನಷ್ಟೂ ಆಗುವುದಿಲ್ಲ. ದುಬೈಯಲ್ಲಿ 2014ರಿಂದ ಕನ್ನಡ ಪಾಠಶಾಲೆ ನಡೆಸುತ್ತಿರುವವರನ್ನೂ ಒಮ್ಮೆ ಹೋಗಿ ನೋಡಿ ಬರೋಣ. ಸಿ.ಬಿ.ಎಸ್.ಇ.ಯ ವಿಷಯಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಇಲ್ಲಿನ ಭಾರತೀಯ ಶಾಲೆಗಳ ಮುಂದೆ ಹೋಗಿ ಕನ್ನಡ ಬೇಕೆಂದು ನಾವು ಕೇಳುವ ದಿನ ಬಂದರೆ, ಅವರು ಕೇಳುವ ಮೊದಲ ಪ್ರಶ್ನೆ, ಮಕ್ಕಳೆಷ್ಟು ಎಂಬುದು. ಎರಡನೆಯದು, ಕಲಿಸುವವರು ಯಾರು, ಅವರ ತರಬೇತಿ ಏನು ಎಂಬುದು. ಎರಡನೆಯದಕ್ಕಾದರೂ ಉತ್ತರ ಸಿದ್ಧವಿರಲಿ.

ಹೋದ ವಾರ ಮತ್ತೆ ಆರು ನಿಮಿಷದ ಪಾಠ ಕಳಿಸಿದ್ದೆ. ಅಕ್ಕನ ಉತ್ತರ ಬಂದಿದೆ: "ಹತ್ತು ಪ್ರಶ್ನೆ. ನಾಲ್ಕಕ್ಕೆ ಮಾತ್ರ ನೀನೇ ಉತ್ತರ ಹೇಳಿದ್ದೀಯ. ಕಿಟಕಿ ಪಕ್ಕದ ಹುಡುಗೀನ ಇನ್ನೂ ಮಾತಾಡಿಸಿಲ್ಲ."

ಕೈ ಎತ್ತಿದ ಏಳು ಮಂದಿಗೂ ನನ್ನ ಬಿನ್ನಹ. ಬರುವ ಶುಕ್ರವಾರ ಸಂಜೆ ನಾಲ್ಕೂವರೆಗೆ ತರಗತಿ. ಹಿಂದಿನ ಸಾಲಿನಲ್ಲಿ ಏಳು ಕುರ್ಚಿ ಹಾಕಿಸಿರುತ್ತೇನೆ. ನೋಟ್‌ಬುಕ್ಕು ತನ್ನಿ, ಕೆಂಪು ಪೆನ್ನೂ ತನ್ನಿ. ನನಗೆ ಅಂದು ವಿಮರ್ಶಾ ಪಾಠ.